ಅಮೆರಿಕದ ಸಂವಿಧಾನ ವೀಸಾದವರನ್ನೂ ಕಾಯುತ್ತದೆಯೇ?

ಪ್ರಶ್ನೆ: ನಾನು ಶಿವಮೊಗ್ಗದವನು, ನಿವೃತ್ತ ಪ್ರೌಢಶಾಲಾ ಶಿಕ್ಷಕ. ನನ್ನ ಮಗಳು, ಅಳಿಯ ಒಂಬತ್ತು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದಾರೆ. ಇಬ್ಬರೂ ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಕೆಲಸದಲ್ಲಿದ್ದಾರೆ. ಕಾಯಂ ವಾಸಕ್ಕೆ ಬೇಕಾದ ಗ್ರೀನ್ ಕಾರ್ಡಿನ ಸರದಿ ಇನ್ನೂ ಬಂದಿಲ್ಲ. ಮೊಮ್ಮಗ 2019ರಲ್ಲಿ ಅಲ್ಲಿಯೇ ಹುಟ್ಟಿದ. 2025ರ ಪಿತೃಪಕ್ಷಕ್ಕೆ ಊರಿಗೆ ಬಂದಿದ್ದ ಅಳಿಯ, ಅಧ್ಯಕ್ಷರು ಎಚ್-1ಬಿ ವೀಸಾಕ್ಕೆ ಲಕ್ಷ ಡಾಲರ್ ಶುಲ್ಕದ ಆದೇಶಕ್ಕೆ ಸಹಿ ಹಾಕಿದರೆಂಬ ಸುದ್ದಿ ಬಂದ ಕೂಡಲೇ, ಕಂಪನಿಯವರ ಮಾತಿನಂತೆ ದುಪ್ಪಟ್ಟು ಹಣ ಕೊಟ್ಟು ರಾತ್ರೋರಾತ್ರಿ ವಿಮಾನ ಹತ್ತಿದ. ಅಂದಿನಿಂದ ನಮಗೆ ನೆಮ್ಮದಿಯಿಲ್ಲ. ಅಲ್ಲಿಂದ ವಾಪಸ್ಸು ಬಂದಿರುವ ನಮ್ಮ ಬೀದಿಯವರೊಬ್ಬರು, ಅಮೆರಿಕದ ಸಂವಿಧಾನ ಇರುವುದು ಅಲ್ಲಿಯ ನಾಗರಿಕರಿಗೆ ಮಾತ್ರ, ಹೊರಗಿನವರು ಬಾಡಿಗೆದಾರರಿದ್ದಂತೆ, ಯಾವಾಗ ಬೇಕಾದರೂ ಎಬ್ಬಿಸಬಹುದು ಎನ್ನುತ್ತಾರೆ. ಅದು ನಿಜವೇ? ಅಧ್ಯಕ್ಷರ ಒಂದು ಸಹಿಗೆ ಅಷ್ಟು ಬಲವಿದೆಯೇ? ಅಧಿಕಾರಿಗಳು ಮನೆ ಬಾಗಿಲು ತಟ್ಟಿದರೆ ಮಕ್ಕಳು ಏನು ಮಾಡಬೇಕು? ಒಮ್ಮೆ ಅಂಗಡಿಯ ಮುಂದೆ ಒಬ್ಬ ಮಗಳಿಗೆ 'ನಿನ್ನ ದೇಶಕ್ಕೆ ಹೋಗು' ಎಂದು ಕೂಗಿದನಂತೆ. ಅದರ ಮೇಲೆ ದೂರು ಕೊಡಬಹುದೇ? ಅವಳು ರಾಜಕೀಯದ ಬಗ್ಗೆ ಜಾಲತಾಣದಲ್ಲಿ ಬರೆಯುವ ಅಭ್ಯಾಸವಿರುವವಳು; ಬಿಟ್ಟುಬಿಡು ಎಂದು ಹೇಳಲೇ? ಮುಂದಿನ ಮೇ ತಿಂಗಳಲ್ಲಿ ನಾವಿಬ್ಬರೂ ಮೊಮ್ಮಗನನ್ನು ನೋಡಲು ಹೋಗುವವರಿದ್ದೇವೆ.

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಬೇರು ಒಂದೇ: ಆ ದೇಶದ ಮೂಲ ಕಾನೂನಿನ ಕಣ್ಣಿಗೆ ನಿಮ್ಮ ಮಕ್ಕಳು ಕಾಣುತ್ತಾರೆಯೇ, ಇಲ್ಲವೇ? ಎರಡು ದಶಕಗಳಿಂದ ಅಮೆರಿಕದಲ್ಲಿ ವಲಸೆಗಾರರ ಮೊಕದ್ದಮೆಗಳನ್ನು ನಡೆಸುತ್ತಿರುವ ನನಗೆ ಈ ಪ್ರಶ್ನೆಯನ್ನು ಕೇಳದ ಕನ್ನಡಿಗ ಕುಟುಂಬವೇ ಸಿಕ್ಕಿಲ್ಲ. ಉತ್ತರ ಎರಡು ಭಾಗಗಳಲ್ಲಿದೆ, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅದು ಸುಳ್ಳಾಗುತ್ತದೆ. ಅಲ್ಲಿರುವಷ್ಟು ಕಾಲ ನ್ಯಾಯವಾಗಿ ನಡೆಸಿಕೊಳ್ಳಿ ಎಂದು ಕೇಳುವ ಹಕ್ಕು ನಿಮ್ಮ ಮಕ್ಕಳಿಗೆ ಸಂವಿಧಾನದಿಂದಲೇ ಬಂದಿದೆ. ಅಲ್ಲಿಯೇ ಇರಗೊಡಿ ಎಂದು ಕೇಳುವ ಹಕ್ಕು ಸಂವಿಧಾನದಿಂದ ಬಂದಿಲ್ಲ. ಅದು ಅಲ್ಲಿಯ ಸಂಸತ್ತು, ಅಂದರೆ ಕಾಂಗ್ರೆಸ್, ಮಾಡುವ ಕಾನೂನಿನಿಂದ ಬರುತ್ತದೆ ಮತ್ತು ಆ ಕಾನೂನಿನೊಂದಿಗೆ ಬದಲಾಗುತ್ತದೆ. ನಿಮ್ಮ ಬೀದಿಯವರು ಎರಡನೆಯ ಮಾತನ್ನು ಕಂಡು ಮೊದಲನೆಯದನ್ನು ಅಳಿಸಿಹಾಕಿದ್ದಾರೆ.

ಶಿಕ್ಷಕರಾದ ನಿಮಗೆ ನಮ್ಮ ಸಂವಿಧಾನದ ಮೂಲಕವೇ ಇದನ್ನು ವಿವರಿಸುವುದು ಸುಲಭ. ನಮ್ಮ 15, 16 ಮತ್ತು 19ನೇ ವಿಧಿಗಳು ನಾಗರಿಕರ ಹಕ್ಕುಗಳನ್ನು ಹೇಳುತ್ತವೆ. 14 ಮತ್ತು 21ನೇ ವಿಧಿಗಳು 'ಯಾವುದೇ ವ್ಯಕ್ತಿ' ಎನ್ನುತ್ತವೆ, ಆದ್ದರಿಂದ ಹಂಪಿ ನೋಡಲು ಬಂದ ವಿದೇಶಿ ಪ್ರವಾಸಿಗೂ ಅವು ಅನ್ವಯಿಸುತ್ತವೆ. ಅಮೆರಿಕದಲ್ಲಿಯೂ ಇದೇ ಶಬ್ದಭೇದವಿದೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಚನೆಯಾದ ಮೂಲ ದಾಖಲೆಯಲ್ಲಿ ಹಕ್ಕುಗಳ ಪಟ್ಟಿ ಇರಲಿಲ್ಲ. 1791ರಲ್ಲಿ ಮೊದಲ ಹತ್ತು ತಿದ್ದುಪಡಿಗಳ ರೂಪದಲ್ಲಿ ಅದು ಸೇರಿತು. ಆ ಹತ್ತರಲ್ಲಿ ಐದನೆಯದು, ಕಾನೂನಿನ ಯುಕ್ತ ಕ್ರಮವನ್ನು ಅನುಸರಿಸದೆ ಯಾವ 'ವ್ಯಕ್ತಿ'ಯ ಜೀವ, ಸ್ವಾತಂತ್ರ್ಯ, ಆಸ್ತಿಯನ್ನೂ ಕಸಿಯಬಾರದು ಎನ್ನುತ್ತದೆ. ಅಂತರ್ಯುದ್ಧದ ನಂತರ, 1868ರಲ್ಲಿ ಬಂದ 14ನೇ ತಿದ್ದುಪಡಿ ಅದೇ ಕಟ್ಟಳೆಯನ್ನು ರಾಜ್ಯ ಸರ್ಕಾರಗಳ ಮೇಲೂ ಹೇರಿ, 'ಯಾವ ವ್ಯಕ್ತಿಗೂ ಕಾನೂನುಗಳ ಸಮಾನ ರಕ್ಷಣೆಯನ್ನು ನಿರಾಕರಿಸಬಾರದು' ಎಂದು ಸೇರಿಸಿತು. ನಮ್ಮ 14ನೇ ವಿಧಿಯಲ್ಲಿರುವ 'ಕಾನೂನುಗಳ ಸಮಾನ ರಕ್ಷಣೆ' ಎಂಬ ಮಾತು ಅಲ್ಲಿಂದಲೇ ಬಂದದ್ದು.

'ಯುಕ್ತ ಕ್ರಮ' ಎಂಬ ಮಾತು ಮಾತ್ರ ನಮ್ಮಲ್ಲಿಗೆ ಬರಲಿಲ್ಲ. ದಕ್ಷಿಣ ಕನ್ನಡದ ಬೆನೆಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡಾಗ, ಈ ಮಾತು ಚುನಾಯಿತ ಶಾಸಕಾಂಗದ ಮೇಲೆ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂಬ ಎಚ್ಚರಿಕೆಯನ್ನು ಕೇಳಿಸಿಕೊಂಡು ಬಂದರು. ನಮ್ಮ 21ನೇ ವಿಧಿ 'ಕಾನೂನು ವಿಧಿಸಿದ ಕಾರ್ಯವಿಧಾನ' ಎಂದಷ್ಟೇ ಹೇಳುವುದು ಆ ಚರ್ಚೆಯ ಫಲ. 1978ರ ಮೇನಕಾ ಗಾಂಧಿ ತೀರ್ಪಿನಲ್ಲಿ, ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದು ಹೇಳಿ, ನಮ್ಮ ಸುಪ್ರೀಂ ಕೋರ್ಟು ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದು ತಲುಪಿತು. ಮಂಗಳೂರಿನ ಕಡೆಯವರೊಬ್ಬರು ಈ ಎರಡು ಸಂವಿಧಾನಗಳ ನಡುವೆ ನಿಂತು ತೂಗಿ ನೋಡಿದ್ದರೆಂಬುದು ನಮ್ಮವರಿಗೆ ತಿಳಿದಿರಬೇಕಾದ ಸಂಗತಿಯೆಂದು ನಾನು ಭಾವಿಸುತ್ತೇನೆ.

'ವ್ಯಕ್ತಿ' ಎಂಬ ಶಬ್ದಕ್ಕೆ ಜೀವ ತುಂಬಿದವನು ಒಬ್ಬ ಅಗಸ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 1880ರ ಹೊತ್ತಿಗೆ, ಮರದ ಕಟ್ಟಡದಲ್ಲಿ ಬಟ್ಟೆ ಒಗೆಯುವ ಅಂಗಡಿ ಇಡಬೇಕಾದರೆ ನಗರಸಭೆಯ ಪರವಾನಗಿ ಬೇಕೆಂಬ ನಿಯಮ ಬಂತು. ಓದಿದರೆ ಅದರಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. ಬೆಂಕಿಯ ಭಯಕ್ಕೆ ಮಾಡಿದ ಸಾಧಾರಣ ನಿಯಮದಂತೆ ಕಾಣುತ್ತದೆ. ಆದರೆ ಅರ್ಜಿ ಹಾಕಿದ ಸುಮಾರು 200 ಚೀನೀಯರಿಗೆ ಪರವಾನಗಿ ಸಿಗಲಿಲ್ಲ, ಚೀನೀಯರಲ್ಲದ ಸುಮಾರು 80 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಸಿಕ್ಕಿತು. ಇಪ್ಪತ್ತು ವರ್ಷಗಳಿಂದ ಅದೇ ಊರಿನಲ್ಲಿದ್ದ ಯಿಕ್ ವೋ ಎಂಬಾತನಿಗೆ 10 ಡಾಲರ್ ದಂಡ ವಿಧಿಸಿ, ಕಟ್ಟದಿದ್ದಾಗ ಜೈಲಿಗೆ ಹಾಕಿದರು. ಅವನು ಅಮೆರಿಕದ ನಾಗರಿಕನಲ್ಲ. ಅಂದಿನ ಕಾನೂನಿನ ಪ್ರಕಾರ ನಾಗರಿಕನಾಗುವ ಹಾದಿಯೂ ಅವನಿಗಿರಲಿಲ್ಲ. ಆದರೂ 1886ರಲ್ಲಿ ಸುಪ್ರೀಂ ಕೋರ್ಟು, 14ನೇ ತಿದ್ದುಪಡಿಯ ರಕ್ಷಣೆ ನಾಗರಿಕರಿಗಷ್ಟೇ ಸೀಮಿತವಲ್ಲ, ಆ ನೆಲದ ಮೇಲಿರುವ ಎಲ್ಲ ವ್ಯಕ್ತಿಗಳಿಗೂ ಇದೆ ಎಂದು ಹೇಳಿ ಅವನನ್ನು ಬಿಡಿಸಿತು. ಕಾನೂನಿನ ಅಕ್ಷರ ನಿಷ್ಪಕ್ಷವಾಗಿದ್ದರೂ ಅದನ್ನು ನಡೆಸುವ ಕೈ ಪಕ್ಷಪಾತಿಯಾಗಿದ್ದರೆ ಅದೂ ಸಂವಿಧಾನದ ಉಲ್ಲಂಘನೆಯೇ ಎಂಬ ತತ್ತ್ವ ಆ ತೀರ್ಪಿನಿಂದ ಬಂದದ್ದು. 140 ವರ್ಷ ಕಳೆದರೂ ನಾವು ವಕೀಲರು ಅದನ್ನು ನ್ಯಾಯಾಲಯದ ಮುಂದೆ ಓದುತ್ತಲೇ ಇದ್ದೇವೆ. ದಾಖಲೆಗಳಿಲ್ಲದೆ ಬಂದವರ ಮಕ್ಕಳನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು 1982ರಲ್ಲಿ ಟೆಕ್ಸಾಸ್ ರಾಜ್ಯದ ಮೊಕದ್ದಮೆಯಲ್ಲಿ ಬಂದ ತೀರ್ಪಿಗೂ ಇದೇ ಶಬ್ದ ಆಧಾರ.

ಇನ್ನು ಎರಡನೆಯ ಭಾಗ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವ ಕೇಳಿದಾಗ, 1923ರಲ್ಲಿ ಅದೇ ಸುಪ್ರೀಂ ಕೋರ್ಟು, ಕಾಂಗ್ರೆಸ್ಸಿನ ಕಾನೂನು ಪೌರತ್ವ ಕೊಡುವುದು 'ಬಿಳಿಯ ವ್ಯಕ್ತಿ'ಗಳಿಗೆ, ಭಾರತೀಯರು ಆ ಮಾತಿನೊಳಗೆ ಬರುವುದಿಲ್ಲ ಎಂದು ಬಾಗಿಲು ಮುಚ್ಚಿತು. ಆ ಬಾಗಿಲನ್ನು ತೆರೆದದ್ದು ನ್ಯಾಯಾಲಯವಲ್ಲ. 1946ರಲ್ಲಿ ಕಾಂಗ್ರೆಸ್ ಹೊಸ ಕಾನೂನು ಮಾಡಿ ಭಾರತೀಯರಿಗೆ ಪೌರತ್ವದ ಹಾದಿಯನ್ನೂ ವರ್ಷಕ್ಕೆ 100 ಮಂದಿಯ ಪ್ರವೇಶವನ್ನೂ ಕೊಟ್ಟಿತು, 1965ರ ಕಾನೂನು ಆ ದೇಶವಾರು ಹಳೆಯ ಲೆಕ್ಕವನ್ನು ಕಿತ್ತುಹಾಕಿತು. ನಿಮ್ಮ ಮಕ್ಕಳ ಪೀಳಿಗೆ ಅಲ್ಲಿಗೆ ಹೋಗಲು ಸಾಧ್ಯವಾದದ್ದು ಆ ಕಾನೂನಿನಿಂದ. ಯಾರು ಒಳಗೆ ಬರಬೇಕು, ಎಷ್ಟು ದಿನ ಇರಬೇಕು ಎಂಬ ವಿಷಯದಲ್ಲಿ ನ್ಯಾಯಾಲಯಗಳು ಇಂದಿಗೂ ಸರ್ಕಾರದ ಕೈಯನ್ನು ಸುಲಭವಾಗಿ ತಡೆಯುವುದಿಲ್ಲ. ಚೆನ್ನೈನ ವೀಸಾ ಕಚೇರಿಯ ಕಿಟಕಿಯ ಮುಂದೆ ನಿಂತವನಿಗೆ ಸಂವಿಧಾನದ ಬಲ ಇಲ್ಲವೆನ್ನುವಷ್ಟು ಕಡಿಮೆ. ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ ನಿಂತವನಿಗೆ ಸ್ವಲ್ಪ. ಒಳಗೆ ಬಂದು ಬಾಳುತ್ತಿರುವವನಿಗೆ ಬಹಳ. ನಿಮ್ಮ ಮಕ್ಕಳು ಮೂರನೆಯ ಜಾಗದಲ್ಲಿದ್ದಾರೆ. ಆದರೆ ಊರಿಗೆ ಬಂದುಹೋಗುವ ಪ್ರತಿ ಸಲವೂ ಮೊದಲೆರಡು ಜಾಗಗಳನ್ನು ದಾಟಿಯೇ ಹೋಗಬೇಕು.

ಈಗ ಅಧ್ಯಕ್ಷರ ಸಹಿಯ ವಿಚಾರ. ನಮ್ಮಲ್ಲಿ ಪ್ರಧಾನಿಯಾದವರು ಸಂಸತ್ತಿನ ಸದಸ್ಯರು, ಲೋಕಸಭೆಯ ಬಹುಮತದಿಂದಲೇ ಅವರ ಅಧಿಕಾರ. ಅಮೆರಿಕದವರು ಬೇಕೆಂದೇ ಹಾಗೆ ಮಾಡಲಿಲ್ಲ. ಅವರ ಸಂವಿಧಾನದ ಒಂದನೇ ವಿಧಿ ಕಾನೂನು ಮಾಡುವ ಅಧಿಕಾರವನ್ನು 435 ಮಂದಿಯ ಪ್ರತಿನಿಧಿ ಸಭೆ ಮತ್ತು 100 ಮಂದಿಯ ಸೆನೆಟ್ ಸೇರಿದ ಕಾಂಗ್ರೆಸ್ಸಿಗೆ ಕೊಡುತ್ತದೆ. ಎರಡನೆಯದು ಅವನ್ನು ಜಾರಿ ಮಾಡುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುತ್ತದೆ. ಮೂರನೆಯದು ತೀರ್ಪು ಹೇಳುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಡುತ್ತದೆ. ಅಧ್ಯಕ್ಷರಾಗಲಿ ಅವರ ಇಲಾಖೆಗಳ ಮುಖ್ಯಸ್ಥರಾಗಲಿ ಕಾಂಗ್ರೆಸ್ಸಿನ ಸದಸ್ಯರಾಗಿರುವಂತಿಲ್ಲ. ಹಾಗಾಗಿ ಅಧ್ಯಕ್ಷರ ಆದೇಶ ಎಂದರೆ ಕಾನೂನಲ್ಲ. ಸಂವಿಧಾನವಾಗಲಿ ಕಾಂಗ್ರೆಸ್ಸಿನ ಕಾನೂನಾಗಲಿ ಕೊಟ್ಟ ಅಧಿಕಾರದೊಳಗೆ ತಮ್ಮ ಕೈಕೆಳಗಿನವರಿಗೆ ಅವರು ಕೊಡುವ ನಿರ್ದೇಶನ. ಕೊರಿಯಾ ಯುದ್ಧದ ನಡುವೆ, 1952ರಲ್ಲಿ, ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರವಾದರೆ ಸೈನಿಕರಿಗೆ ಆಯುಧ ಸಿಗದೆಂದು ಅಧ್ಯಕ್ಷ ಟ್ರೂಮನ್ ಆ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಆದೇಶಿಸಿದಾಗ, ಸುಪ್ರೀಂ ಕೋರ್ಟು ಎರಡೇ ತಿಂಗಳೊಳಗೆ 6-3ರ ಬಹುಮತದಿಂದ ಅದನ್ನು ರದ್ದು ಮಾಡಿತು. ಯುದ್ಧವೇ ನಡೆಯುತ್ತಿದ್ದರೂ ಕಾಂಗ್ರೆಸ್ ಕೊಡದ ಅಧಿಕಾರ ಅಧ್ಯಕ್ಷರಿಗಿಲ್ಲ ಎಂದಿತು. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಜ್ಯಾಕ್ಸನ್ ಹಾಕಿಕೊಟ್ಟ ಅಳತೆಗೋಲನ್ನೇ ಇಂದಿಗೂ ಎಲ್ಲರೂ ಬಳಸುತ್ತಾರೆ: ಕಾಂಗ್ರೆಸ್ ಒಪ್ಪಿಗೆ ಕೊಟ್ಟಿರುವಲ್ಲಿ ಅಧ್ಯಕ್ಷರ ಬಲ ಅತಿ ಹೆಚ್ಚು, ಕಾಂಗ್ರೆಸ್ ಸುಮ್ಮನಿರುವಲ್ಲಿ ಅನಿಶ್ಚಿತ, ಕಾಂಗ್ರೆಸ್ಸಿಗೆ ವಿರುದ್ಧವಾಗಿ ಹೋದಲ್ಲಿ ಅತಿ ಕಡಿಮೆ.

ನಮ್ಮವರನ್ನು ಕಾಡುವ ತೊಂದರೆ ಇರುವುದು ಈ ಮೊದಲ ಸಾಲಿನಲ್ಲಿ. 1952ರ ವಲಸೆ ಕಾನೂನಿನಲ್ಲಿ ಕಾಂಗ್ರೆಸ್ಸೇ, ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಮಾರಕವೆಂದು ಕಂಡರೆ ಅದನ್ನು ತಡೆಹಿಡಿಯುವ ಅಧಿಕಾರವನ್ನು ಅಧ್ಯಕ್ಷರಿಗೆ ಬರೆದುಕೊಟ್ಟಿದೆ. ಕೆಲವು ದೇಶಗಳವರ ಪ್ರವೇಶ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟು 5-4ರಿಂದ ಎತ್ತಿಹಿಡಿದದ್ದು ಇದೇ ಕಲಮಿನ ಆಧಾರದ ಮೇಲೆ. 2025ರ ಸೆಪ್ಟೆಂಬರ್ 19ರ ಲಕ್ಷ ಡಾಲರ್ ಘೋಷಣೆಯೂ ಅದನ್ನೇ ಆಧಾರವಾಗಿ ಇಟ್ಟುಕೊಂಡಿತ್ತು. ಆದರೆ ಅದು ಹೊಸ ಅರ್ಜಿಗಳಿಗೆ ಸಂಬಂಧಿಸಿದ್ದು, ಈಗಾಗಲೇ ವೀಸಾ ಇದ್ದವರ ಮರುಪ್ರವೇಶಕ್ಕೆ ಅಲ್ಲ ಎಂಬ ಸ್ಪಷ್ಟನೆ ಮರುದಿನವೇ ಸರ್ಕಾರದಿಂದ ಬಂತು. ನಿಮ್ಮ ಅಳಿಯನನ್ನು ದೂರುವಂತಿಲ್ಲ. ಆ ರಾತ್ರಿ ಅವರ ಸ್ಥಾನದಲ್ಲಿದ್ದರೆ ಯಾರಾದರೂ ಅದನ್ನೇ ಮಾಡುತ್ತಿದ್ದರು. ಇಂಥ ಆದೇಶ ಹೊರಬಿದ್ದಾಗ ಸುದ್ದಿವಾಹಿನಿಯ ಶೀರ್ಷಿಕೆಯನ್ನು ಬಿಟ್ಟು ಮೂಲಪಾಠದಲ್ಲಿ ಮೂರು ಸಂಗತಿಗಳನ್ನು ಹುಡುಕಿ ಎಂದು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ: ಯಾರಿಗೆ ಅನ್ವಯ, ಯಾವ ದಿನದಿಂದ, ಯಾವ ಕಾನೂನಿನ ಯಾವ ಕಲಮಿನ ಅಡಿಯಲ್ಲಿ. ಮೂರನೆಯದಕ್ಕೆ ಉತ್ತರ ದುರ್ಬಲವಾಗಿದ್ದರೆ ಆ ಆದೇಶ ನ್ಯಾಯಾಲಯದಲ್ಲಿ ಸಿಕ್ಕಿಬೀಳುತ್ತದೆ.

ಅಧ್ಯಕ್ಷರಂತೆಯೇ ಕಾಂಗ್ರೆಸ್ಸೂ ತನ್ನ ಗೆರೆ ದಾಟುವಂತಿಲ್ಲ. ಇದನ್ನು ಸ್ಥಾಪಿಸಿದ ಮೊಕದ್ದಮೆ ನಮ್ಮವನೊಬ್ಬನದು. ಕೀನ್ಯಾದಲ್ಲಿ ಹುಟ್ಟಿದ, ಭಾರತೀಯ ಮೂಲದ ಜಗದೀಶ್ ರಾಯ್ ಚಡ್ಡಾ 1966ರಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಅಮೆರಿಕಕ್ಕೆ ಬಂದವನು. 1972ರಲ್ಲಿ ವೀಸಾ ಮುಗಿದ ಮೇಲೆ ಹೋಗಲು ದೇಶವೇ ಇಲ್ಲದಂತಾಗಿ ಗಡೀಪಾರಿನ ವಿಚಾರಣೆ ಎದುರಿಸಿದ. ವಲಸೆ ನ್ಯಾಯಾಧೀಶರು ಅವನ ಕಷ್ಟ ನೋಡಿ ಗಡೀಪಾರನ್ನು ತಡೆಹಿಡಿದರು. ಆದರೆ ಅಂದಿನ ಕಾನೂನಿನಲ್ಲಿ, ಕಾಂಗ್ರೆಸ್ಸಿನ ಎರಡು ಸದನಗಳಲ್ಲಿ ಯಾವುದಾದರೂ ಒಂದು ಸದನ ಒಂದು ನಿರ್ಣಯದಿಂದಲೇ ಅಂಥ ತಡೆಯನ್ನು ರದ್ದು ಮಾಡಬಹುದಿತ್ತು. 1975ರ ಡಿಸೆಂಬರ್‌ನಲ್ಲಿ ಪ್ರತಿನಿಧಿ ಸಭೆ ಹಾಗೆಯೇ ಮಾಡಿತು. ಚಡ್ಡಾ ಸುಪ್ರೀಂ ಕೋರ್ಟಿನವರೆಗೂ ಹೋದ. 1983ರಲ್ಲಿ 7-2ರ ತೀರ್ಪು ಬಂತು: ಕಾನೂನಿನ ಪರಿಣಾಮವುಳ್ಳ ಯಾವ ನಿರ್ಧಾರವಾದರೂ ಎರಡೂ ಸದನಗಳಲ್ಲಿ ಅಂಗೀಕಾರವಾಗಿ ಅಧ್ಯಕ್ಷರ ಮುಂದೆ ಹೋಗಲೇಬೇಕು, ಒಂದು ಸದನದ ಕೈಯೆತ್ತುವಿಕೆಯಿಂದ ಒಬ್ಬ ಮನುಷ್ಯನ ಬಾಳು ತೀರ್ಮಾನವಾಗುವಂತಿಲ್ಲ. ಸುಮಾರು 200 ಕಾನೂನುಗಳಲ್ಲಿದ್ದ ಇಂಥ ಏರ್ಪಾಡುಗಳು ಒಂದೇ ದಿನ ಬಲ ಕಳೆದುಕೊಂಡವು. ಅಧಿಕಾರ ವಿಭಜನೆ ಎಂಬುದು ಪಠ್ಯಪುಸ್ತಕದ ಒಣ ಪಾಠವಲ್ಲ ಎಂದು ಕಿರಿಯ ವಕೀಲರಿಗೆ ಹೇಳಬೇಕಾದಾಗ ನಾನು ಈ ಕಥೆಯನ್ನೇ ಹೇಳುತ್ತೇನೆ. ದೇಶವಿಲ್ಲದ ಒಬ್ಬ ವಿದ್ಯಾರ್ಥಿಯನ್ನು ಕಾಪಾಡಿದ್ದು ಆ ಅಧಿಕಾರ ವಿಭಜನೆಯೇ.

ನ್ಯಾಯಾಲಯದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಅಸಿಂಧುಗೊಳಿಸುವ ಅಧಿಕಾರ 1803ರ ಮಾರ್ಬರಿ ತೀರ್ಪಿನಿಂದ ಬಂದಿದೆಯಾದರೂ, ನಮ್ಮ 32ನೇ ವಿಧಿಯಂತೆ ಹಕ್ಕಿನ ಭಂಗವಾಯಿತೆಂದು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಅಲ್ಲಿಲ್ಲ. ನಮ್ಮ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂಥದ್ದೂ ಇಲ್ಲ. ಸ್ವತಃ ಪೆಟ್ಟು ತಿಂದವರು ಜಿಲ್ಲಾ ನ್ಯಾಯಾಲಯದಿಂದ ಶುರು ಮಾಡಬೇಕು. ಇದಕ್ಕೆ ವರ್ಷಗಳು ಹಿಡಿಯುತ್ತವೆ. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಕೆಳಗಿನ ನ್ಯಾಯಾಧೀಶರು ದೇಶದ ಎಲ್ಲರಿಗೂ ಅನ್ವಯಿಸುವಂತೆ ತಡೆಯಾಜ್ಞೆ ಕೊಡುವ ಪದ್ಧತಿಗೂ ಕಡಿವಾಣ ಹಾಕಿತು. ಆ ಮೊಕದ್ದಮೆ ಹುಟ್ಟಿದ್ದು, ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಜನ್ಮದಿಂದ ಬರುವ ಪೌರತ್ವವನ್ನು ನಿರಾಕರಿಸುವ 2025ರ ಜನವರಿ 20ರ ಆದೇಶದಿಂದ. ಆದೇಶದ ಮೂಲ ಸಿಂಧುತ್ವದ ಪ್ರಶ್ನೆಯನ್ನು ಕೋರ್ಟು ಆ ವರ್ಷದ ಡಿಸೆಂಬರ್‌ನಲ್ಲಿ ವಿಚಾರಣೆಗೆ ತೆಗೆದುಕೊಂಡಿತು. ನಿಮ್ಮ ಮೊಮ್ಮಗನ ಮಟ್ಟಿಗೆ ಹೇಳುವುದಾದರೆ, ಆ ಆದೇಶದ ಪಾಠವೇ ಸಹಿಯಾದ 30 ದಿನಗಳ ನಂತರ ಹುಟ್ಟಿದವರಿಗೆ ಮಾತ್ರ ಅನ್ವಯ ಎನ್ನುತ್ತದೆ. ಅವನು 2019ರಲ್ಲಿ ಹುಟ್ಟಿದವನು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬಾತನನ್ನು ಹಡಗುಕಟ್ಟೆಯಲ್ಲಿ ತಡೆದಾಗ, ಅವನು ಹುಟ್ಟಿನಿಂದಲೇ ನಾಗರಿಕನೆಂದು 1898ರಲ್ಲಿ ಬಂದ ತೀರ್ಪು ಮೊಮ್ಮಗನ ಪಾಸ್‌ಪೋರ್ಟಿನ ಹಿಂದೆ ನಿಂತಿದೆ. ಆದರೆ ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ಬಿಡಿಸಬೇಕು: ಮಗ ನಾಗರಿಕನೆಂಬ ಕಾರಣಕ್ಕೆ ತಂದೆತಾಯಿಗೆ ಉಳಿಯುವ ಹಕ್ಕು ಬರುವುದಿಲ್ಲ. ಅವನಿಗೆ 21 ವರ್ಷ ತುಂಬಿದ ಮೇಲಷ್ಟೇ ಅವರಿಗಾಗಿ ಅರ್ಜಿ ಹಾಕಬಲ್ಲ.

ಬಾಗಿಲು ತಟ್ಟುವ ಪ್ರಶ್ನೆಗೆ ಬರೋಣ. ಅಕಾರಣವಾದ ಶೋಧ ಮತ್ತು ಬಂಧನವನ್ನು ನಿಷೇಧಿಸುವ 4ನೇ ತಿದ್ದುಪಡಿ ಅತ್ಯಂತ ಗಟ್ಟಿಯಾಗಿ ಕಾಯುವುದು ಮನೆಯ ಹೊಸ್ತಿಲನ್ನು. ತುರ್ತು ಪರಿಸ್ಥಿತಿ ಇಲ್ಲದಾಗ, ಬಂಧಿಸುವುದಕ್ಕಾದರೂ ಸರಿಯೇ, ವಾರಂಟ್ ಇಲ್ಲದೆ ಮನೆಯೊಳಗೆ ಬರುವಂತಿಲ್ಲ ಎಂದು ಸುಪ್ರೀಂ ಕೋರ್ಟು 1980ರಲ್ಲಿ ಹೇಳಿತು. ತೊಡಕಿರುವುದು 'ವಾರಂಟ್' ಎಂಬ ಶಬ್ದದಲ್ಲಿ. ವಲಸೆ ಅಧಿಕಾರಿಗಳು ತರುವ ಕಾಗದದ ಮೇಲೂ ವಾರಂಟ್ ಎಂದೇ ಬರೆದಿರುತ್ತದೆ, ಆದರೆ ಅದಕ್ಕೆ ಸಹಿ ಮಾಡಿದವರು ಅದೇ ಇಲಾಖೆಯ ಅಧಿಕಾರಿ, ನ್ಯಾಯಾಧೀಶರಲ್ಲ. ಅಂಥ ಕಾಗದದ ಬಲದಿಂದ, ಮನೆಯವರ ಒಪ್ಪಿಗೆಯಿಲ್ಲದೆ ಒಳಗೆ ಬರಲಾಗದು ಎಂಬುದು ದೀರ್ಘಕಾಲದಿಂದ ನಡೆದುಬಂದ ಕಾನೂನಿನ ನಿಲುವು. ಆದ್ದರಿಂದ ಮಕ್ಕಳು ಬಾಗಿಲು ತೆರೆಯದೆಯೇ ಯಾರು, ಏಕೆ ಎಂದು ಕೇಳಲಿ; ಕಾಗದವನ್ನು ಬಾಗಿಲ ಸಂದಿಯಿಂದ ತೂರಿಸಲು ಅಥವಾ ಕಿಟಕಿಗೆ ಹಿಡಿಯಲು ಹೇಳಲಿ; ಮೇಲೆ ನ್ಯಾಯಾಲಯದ ಹೆಸರು, ಕೆಳಗೆ ನ್ಯಾಯಾಧೀಶರ ಸಹಿ, ಸರಿಯಾದ ವಿಳಾಸ ಇದೆಯೇ ಎಂದು ನೋಡಲಿ. ನಮ್ಮವರು ಎಡವುವುದು ಎಲ್ಲಿ ಎಂದು ನಾನು ಬಲ್ಲೆ. ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವುದು ನಮ್ಮ ಸಂಸ್ಕಾರದಲ್ಲಿಲ್ಲ, 'ಬನ್ನಿ, ಕೂತುಕೊಳ್ಳಿ' ಎಂದುಬಿಡುತ್ತೇವೆ; ಆ ಒಂದು ಮಾತು ಕಾನೂನಿನ ಕಣ್ಣಲ್ಲಿ ಒಪ್ಪಿಗೆಯಾಗುತ್ತದೆ. ಒಪ್ಪಿಗೆ ಇಲ್ಲವೆಂದ ಮೇಲೂ ಅವರು ನುಗ್ಗಿದರೆ ಮೈಮೇಲೆ ಬಿದ್ದು ತಡೆಯಬಾರದು. ಒಪ್ಪಿಗೆ ಇಲ್ಲವೆಂದು ಗಟ್ಟಿಯಾಗಿ ಮತ್ತೊಮ್ಮೆ ಹೇಳಿ, ನಡೆದದ್ದನ್ನು ನೆನಪಿಟ್ಟುಕೊಂಡು, ಜಗಳವನ್ನು ನ್ಯಾಯಾಲಯಕ್ಕೆ ಬಿಡಬೇಕು. ರಸ್ತೆಯ ಮೇಲೆ ಈ ರಕ್ಷಣೆ ತೆಳುವಾಗುತ್ತದೆ. 18 ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆಯನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂಬ ಕಾನೂನೂ ಇದೆ. ಮಕ್ಕಳು ತಮ್ಮ ಐ-94 ಎಂಬ ಪ್ರವೇಶ ದಾಖಲೆಯನ್ನು ಪರ್ಸಿನಲ್ಲಿ ಇಟ್ಟುಕೊಂಡಿರಲಿ.

ಇಲ್ಲಿಯೇ ನನ್ನನ್ನು ಅತಿ ಹೆಚ್ಚು ಚಿಂತೆಗೀಡುಮಾಡುವ ಸಂಗತಿಯನ್ನು ಹೇಳಬೇಕು. ಅಪರಾಧದ ಆರೋಪ ಬಂದವರಿಗೆ, ಅವರಲ್ಲಿ ಹಣವಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು 1963ರ ಗಿಡಿಯನ್ ತೀರ್ಪು ಹೇಳುತ್ತದೆ. ಗಡೀಪಾರಿನ ವಿಚಾರಣೆ ಮಾತ್ರ ಕಾನೂನಿನ ಲೆಕ್ಕದಲ್ಲಿ ಅಪರಾಧದ ವಿಚಾರಣೆಯಲ್ಲ. ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವ ಹಕ್ಕಿದೆ, ಸರ್ಕಾರದ ಖರ್ಚಿನಲ್ಲಿ ಅಲ್ಲ. ಆ ನ್ಯಾಯಾಧೀಶರೂ ಸಂವಿಧಾನದ ಮೂರನೇ ವಿಧಿಯ ಆಜೀವ ನ್ಯಾಯಾಧೀಶರಲ್ಲ. ನ್ಯಾಯ ಇಲಾಖೆಯ ನೌಕರರು, ಅಂದರೆ ಕಾರ್ಯಾಂಗದ ಒಳಗಿನವರು. ಅವರ ತೀರ್ಮಾನದ ಮೇಲೆ ಮೊದಲ ಮೇಲ್ಮನವಿಯೂ ಅದೇ ಇಲಾಖೆಯ ಮಂಡಳಿಗೆ. ಅದಾದ ಮೇಲಷ್ಟೇ ನಿಜವಾದ ಅರ್ಥದ ನ್ಯಾಯಾಂಗ, ನ್ಯೂಜೆರ್ಸಿಯವರಿಗೆ ಫಿಲಡೆಲ್ಫಿಯಾದಲ್ಲಿರುವ ಮೇಲ್ಮನವಿ ನ್ಯಾಯಾಲಯ, ಎದುರಾಗುತ್ತದೆ. ಈ ದಾರಿಗೆ ಬೀಳುವವರಲ್ಲಿ ಹಲವರು ದೊಡ್ಡ ತಪ್ಪು ಮಾಡಿದವರಲ್ಲ. ಅಂಗಡಿಯಲ್ಲಿ ಸಣ್ಣ ಕಳ್ಳತನದ ಆರೋಪವೋ, ಗಂಡಹೆಂಡಿರ ಜಗಳದಲ್ಲಿ ಪೊಲೀಸರನ್ನು ಕರೆದದ್ದೋ ಶುರುವಾಗಿ, 'ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮನೆಗೆ ಹೋಗಿ' ಎಂಬ ಸಲಹೆಗೆ ತಲೆಯಾಡಿಸಿ, ಆ ತಪ್ಪೊಪ್ಪಿಗೆಯೇ ವೀಸಾಕ್ಕೆ ಕುತ್ತು ತಂದದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. 40 ವರ್ಷ ಕಾಯಂ ನಿವಾಸಿಯಾಗಿದ್ದು ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ್ದ ಪಡಿಯಾ ಎಂಬವರಿಗೆ ಅವರ ವಕೀಲರು ಹೀಗೆಯೇ ತಪ್ಪು ಸಲಹೆ ಕೊಟ್ಟಿದ್ದರು; ತಪ್ಪೊಪ್ಪಿಗೆಯಿಂದ ಗಡೀಪಾರಾಗಬಹುದೆಂದು ತಿಳಿಸುವುದು ವಕೀಲರ ಕರ್ತವ್ಯ ಎಂದು 2010ರಲ್ಲಿ ಆ ಮೊಕದ್ದಮೆಯಲ್ಲಿಯೇ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಎಷ್ಟೇ ಚಿಕ್ಕ ಪ್ರಕರಣವಾದರೂ ವಲಸೆ ಕಾನೂನು ಬಲ್ಲವರನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಬಂಧನವಾದರೆ ಭಾರತದ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಿಂದ ಬಂದಿದೆ.

ಅಂಗಡಿಯ ಮುಂದೆ ಕೂಗಿದವನ ವಿಷಯದಲ್ಲಿ ನನ್ನ ಉತ್ತರ ನಿಮಗೆ ಸಮಾಧಾನ ಕೊಡಲಾರದು. ಅಮೆರಿಕದ ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು, ದಾರಿಹೋಕನನ್ನಲ್ಲ. ನಮ್ಮ 17ನೇ ವಿಧಿ ಅಸ್ಪೃಶ್ಯತೆಯನ್ನು ಯಾರೇ ಆಚರಿಸಿದರೂ ನಿಷೇಧಿಸುತ್ತದೆ, 15ನೇ ವಿಧಿ ಅಂಗಡಿ, ಹೋಟೆಲು, ಬಾವಿಗಳ ಹೆಸರನ್ನೇ ಹೇಳುತ್ತದೆ. ಅಲ್ಲಿಯ ಹಕ್ಕುಗಳ ಪಟ್ಟಿಯಲ್ಲಿ ಅಂಥ ಮಾತಿಲ್ಲ. ಖಾಸಗಿಯವರ ತಾರತಮ್ಯವನ್ನು 14ನೇ ತಿದ್ದುಪಡಿಯ ಬಲದಿಂದ ತಡೆಯಲಾಗದು ಎಂದು 1883ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಕರಿಯ ಜನ 80 ವರ್ಷ ಅದರ ಬೆಲೆ ತೆತ್ತರು. ಬೀದಿಯಲ್ಲಿ ಪೆಟ್ಟು ತಿಂದು, ಜೈಲು ಕಂಡು ಅವರು ನಡೆಸಿದ ಹೋರಾಟದಿಂದ ಬಂದ 1964ರ ನಾಗರಿಕ ಹಕ್ಕುಗಳ ಕಾಯಿದೆ, ರಾಜ್ಯಗಳ ನಡುವಿನ ವಾಣಿಜ್ಯವನ್ನು ನಿಯಂತ್ರಿಸುವ ಕಾಂಗ್ರೆಸ್ಸಿನ ಅಧಿಕಾರವನ್ನು ಬಳಸಿಕೊಂಡು ಹೋಟೆಲು, ವಸತಿಗೃಹಗಳ ಬಾಗಿಲನ್ನು ತೆರೆಸಿತು. ಇಂದಿನ ರೂಪದಲ್ಲಿ ಅದು ಹದಿನೈದು ಅಥವಾ ಹೆಚ್ಚು ನೌಕರರಿರುವ ಕಡೆ ಜನಾಂಗ, ಧರ್ಮ, ಲಿಂಗ, ಮೂಲದೇಶದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ನಿಮ್ಮ ಮಗಳು ಕಚೇರಿಯಲ್ಲಿ ತಲೆಯೆತ್ತಿ ಕೆಲಸ ಮಾಡುವುದು ಆ ಜನರ ಋಣದಲ್ಲಿ. ಹಾಗಾಗಿ ಅಂಗಡಿಯವನೇ ಅವಳಿಗೆ ಸಾಮಾನು ಕೊಡಲು ನಿರಾಕರಿಸಿದ್ದರೆ ನ್ಯೂಜೆರ್ಸಿಯ ತಾರತಮ್ಯ ವಿರೋಧಿ ಕಾನೂನಿನಡಿ ದೂರು ನಿಲ್ಲುತ್ತದೆ. ಮೇಲಧಿಕಾರಿ ಅದೇ ಮಾತು ಆಡಿದ್ದರೆ ಕೆಲಸದ ಸ್ಥಳದ ದೂರು ನಿಲ್ಲುತ್ತದೆ. ಆ ಅಪರಿಚಿತ ಹೊಡೆಯುವ ಬೆದರಿಕೆ ಹಾಕಿದ್ದರೆ ಅದು ಪೊಲೀಸರ ವಿಷಯ. ಬರೀ ಕೂಗಿದ್ದರೆ, ಎಷ್ಟೇ ಹೀನವಾದ ಮಾತಾದರೂ, ಅವನ ವಾಕ್ ಸ್ವಾತಂತ್ರ್ಯ ಅದನ್ನು ಕಾಯುತ್ತದೆ.

ಅದೇ ವಾಕ್ ಸ್ವಾತಂತ್ರ್ಯ ನಿಮ್ಮ ಮಗಳಿಗೂ ಇದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಕಾರ್ಮಿಕ ನಾಯಕ ಹ್ಯಾರಿ ಬ್ರಿಡ್ಜಸ್ ಅವರ ಗಡೀಪಾರಿನ ಮೊಕದ್ದಮೆಯಲ್ಲಿ, ದೇಶದೊಳಗೆ ವಾಸಿಸುವ ವಿದೇಶಿಯರಿಗೂ ವಾಕ್ ಮತ್ತು ಪತ್ರಿಕಾ ಸ್ವಾತಂತ್ರ್ಯವಿದೆ ಎಂದು 1945ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ಏಳೇ ವರ್ಷಗಳಲ್ಲಿ, ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದವರನ್ನು ಗಡೀಪಾರು ಮಾಡುವುದು ಸರಿ ಎಂದೂ ಅದೇ ಕೋರ್ಟು ಹೇಳಿತು. ಈ ಎರಡು ತೀರ್ಪುಗಳ ನಡುವಿನ ಜಾಗ ಇಂದಿಗೂ ಕತ್ತಲೆಯದು. ಬರೆದದ್ದಕ್ಕಾಗಿ ಅವಳನ್ನು ಜೈಲಿಗೆ ಹಾಕುವುದು ಬಹುತೇಕ ಅಸಾಧ್ಯ. ವೀಸಾ ನವೀಕರಣದಲ್ಲಿ, ಮರುಪ್ರವೇಶದಲ್ಲಿ ಆ ಬರಹ ಪ್ರಶ್ನೆಯಾಗಿ ಎದುರಾಗುವುದು ಅಸಾಧ್ಯವಲ್ಲ, ಏಕೆಂದರೆ ವೀಸಾ ಅರ್ಜಿಯಲ್ಲಿಯೇ ಜಾಲತಾಣಗಳ ಖಾತೆಗಳನ್ನು ಕೇಳುತ್ತಾರೆ. ಬಿಟ್ಟುಬಿಡು ಎಂದು ನಾನು ಯಾರಿಗೂ ಹೇಳುವುದಿಲ್ಲ. ಆ ನಿರ್ಧಾರ ಅವಳದು. ಊರಿಗೆ ಬರುವ ಮುನ್ನಿನ ತಿಂಗಳುಗಳಲ್ಲಿ ತೂಗಿ ಬರೆ, ಹಿಂಸೆಯನ್ನು ಹೊಗಳುವ ಯಾವುದನ್ನೂ ಹಂಚಬೇಡ, ಅರ್ಜಿಯಲ್ಲಿ ಖಾತೆಗಳನ್ನು ಮುಚ್ಚಿಡಬೇಡ ಎನ್ನುವುದಷ್ಟೇ ನನ್ನ ಸಲಹೆ. ಮತದಾನದ ವಿಷಯದಲ್ಲಿ ಮಾತ್ರ ತೂಗುವ ಪ್ರಶ್ನೆಯೇ ಇಲ್ಲ. ಯಾರೋ ನೋಂದಣಿ ಫಾರಂ ಕೊಟ್ಟರೆಂದು ತುಂಬಿಕೊಡಬಾರದು. ನಾಗರಿಕರಲ್ಲದವರು ರಾಷ್ಟ್ರೀಯ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಅದರಿಂದ ಮುಂದಿನ ಪೌರತ್ವವೂ ಹೋಗಬಹುದು.

ಕೊನೆಯದಾಗಿ ನಿಮ್ಮ ಮೇ ತಿಂಗಳ ಪ್ರಯಾಣ. ವಲಸೆ ಕೌಂಟರಿನಲ್ಲಿ ನೀವು, ನಿಮ್ಮ ಮನೆಯವರು ನಾನು ಮೇಲೆ ಹೇಳಿದ ಎರಡನೆಯ ಜಾಗದಲ್ಲಿ ನಿಂತಿರುತ್ತೀರಿ. ಅಲ್ಲಿ ವಾರಂಟ್ ಇಲ್ಲದೆಯೇ ಸಾಮಾನು, ಫೋನು ನೋಡಬಲ್ಲರು, ಪ್ರವೇಶ ನಿರಾಕರಿಸಲೂಬಲ್ಲರು. ಎಷ್ಟು ದಿನ ಇರುತ್ತೀರಿ, ಎಲ್ಲಿ ಇರುತ್ತೀರಿ, ಏಕೆ ಬಂದಿರಿ ಎಂಬ ಮೂರು ಪ್ರಶ್ನೆಗಳಿಗೆ ನೀವಿಬ್ಬರೂ ಇದ್ದದ್ದನ್ನು ಇದ್ದಂತೆ, ಚುಟುಕಾಗಿ ಹೇಳಿ. ಇಂಗ್ಲಿಷ್ ಸರಿಯಾಗಿ ಅರ್ಥವಾಗದಿದ್ದರೆ ಊಹಿಸಿ 'ಯೆಸ್' ಎನ್ನದೆ ಕನ್ನಡದ ದುಭಾಷಿಯನ್ನು ಕೇಳಿ. ಒಮ್ಮೆ ಸುಳ್ಳು ಹೇಳಿದರೆಂದು ದಾಖಲಾದರೆ ಆ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ಫೋನನ್ನು ತಪಾಸಣೆಗೆ ತೆಗೆದುಕೊಂಡರೆ ನಂಬರುಗಳೂ ಅದರೊಂದಿಗೆ ಹೋಗುತ್ತವೆ, ಆದ್ದರಿಂದ ಮಗಳ ವಿಳಾಸ, ಅವಳ ಮತ್ತು ಅಳಿಯನ ಫೋನ್ ನಂಬರು, ವಾಪಸ್ಸಿನ ಟಿಕೆಟ್ಟಿನ ಪ್ರತಿ, ನಿಮ್ಮ ಔಷಧಿಗಳ ಚೀಟಿ, ಇಷ್ಟನ್ನು ಕಾಗದದ ಮೇಲೆ ಎರಡು ಪ್ರತಿ ಮಾಡಿ ನಿಮ್ಮ ಜೇಬಿನಲ್ಲೊಂದು, ಮನೆಯವರ ಕೈಚೀಲದಲ್ಲೊಂದು ಇಟ್ಟುಕೊಳ್ಳಿ.